ಯುದ್ಧದ ಚರಿತ್ರೆ ಬರೆದ ಮನೆ

ನೇಪಿಯರ್ ಎಂಬ ಹೆಸರು ನಮ್ಮಲ್ಲಿ ಹೆಚ್ಚಿನವರಿಗೆ ಮೊದಲು ಪರಿಚಯವಾಗುವುದು ಗಣಿತದ ತರಗತಿಯಲ್ಲಿ. 1614ರಲ್ಲಿ ಲಾಗರಿದಮ್ ಎಂಬ ಉಪಾಯವನ್ನು ಲೋಕಕ್ಕೆ ಕೊಟ್ಟ ಸ್ಕಾಟ್ಲೆಂಡಿನ ಜಾನ್ ನೇಪಿಯರ್, ಕೋಷ್ಟಕದ ಪುಸ್ತಕ ಹಿಡಿದು ಕೂತ ವಿದ್ಯಾರ್ಥಿಗಳ ಪಾಲಿಗೆ ಉಪಕಾರಿಯೂ ಹೌದು, ಉಪದ್ರವಿಯೂ ಹೌದು. ಚೆನ್ನೈಗೆ ಹೋದವರು ಕೂವಂ ನದಿಯ ಮೇಲಿನ ನೇಪಿಯರ್ ಸೇತುವೆಯನ್ನು ದಾಟಿರುತ್ತಾರೆ. ಅದಕ್ಕೆ ಹೆಸರು ಬಂದದ್ದು 1866ರಿಂದ 1872ರವರೆಗೆ ಮದರಾಸಿನ ಗವರ್ನರನಾಗಿದ್ದ ಲಾರ್ಡ್ ನೇಪಿಯರ್‌ನಿಂದ. 1843ರಲ್ಲಿ ಸಿಂಧ್ ಪ್ರಾಂತವನ್ನು ಬ್ರಿಟಿಷರ ವಶಕ್ಕೆ ತಂದ ಚಾರ್ಲ್ಸ್ ನೇಪಿಯರ್‌ನ ಹೆಸರು ಶಾಲೆಯ ಇತಿಹಾಸ ಪುಸ್ತಕದಲ್ಲಿಯೇ ಇದೆ. ಇವರೆಲ್ಲ ಒಂದೇ ಮರದ ಕೊಂಬೆಗಳು.

ಈ ಮರದ ಇನ್ನೊಂದು ಕೊಂಬೆಯ ಹೆಸರನ್ನು ನಮ್ಮಲ್ಲಿ ಕೇಳಿದವರು ಕಡಿಮೆ. ಸಿಂಧ್ ಗೆದ್ದ ಚಾರ್ಲ್ಸ್‌ನ ತಮ್ಮ ವಿಲಿಯಂ ನೇಪಿಯರ್ ಆರು ಸಂಪುಟಗಳಲ್ಲಿ ಬರೆದ ‘ಪರ್ಯಾಯದ್ವೀಪ ಯುದ್ಧದ ಇತಿಹಾಸ’ ಇಂಗ್ಲಿಷಿನಲ್ಲಿ ಸೇನಾ ಇತಿಹಾಸವೆಂಬ ಸಾಹಿತ್ಯ ಪ್ರಕಾರಕ್ಕೆ ಬುನಾದಿ ಹಾಕಿದ ಗ್ರಂಥಗಳಲ್ಲಿ ಒಂದು. ನೆಪೋಲಿಯನ್ನನ ಸೇನೆಗಳ ವಿರುದ್ಧ ಪೋರ್ಚುಗಲ್, ಸ್ಪೇನ್ ಮತ್ತು ದಕ್ಷಿಣ ಫ್ರಾನ್ಸಿನಲ್ಲಿ 1807ರಿಂದ 1814ರವರೆಗೆ ನಡೆದ ಕದನಗಳ ಕಥೆ ಅದು. ಬರೆದವನು ಆ ಕದನಗಳಲ್ಲಿ ಗುಂಡೇಟು ತಿಂದವನು. ಅವನ ಇಬ್ಬರು ಅಣ್ಣಂದಿರೂ ಅಲ್ಲಿ ರಕ್ತ ಸುರಿಸಿದವರು. ಗ್ರಂಥದ ಹಸ್ತಪ್ರತಿ ತಯಾರಾದದ್ದು ಅವನ ಹೆಂಡತಿಯ ಕೈಯಲ್ಲಿ. ಹೀಗೆ ಒಂದು ಮನೆಯೇ ಕೂಡಿ ಬರೆದ ಚರಿತ್ರೆಯನ್ನು ಎಷ್ಟು ನಂಬಬೇಕು? ಈ ಪ್ರಶ್ನೆ ಆ ಪುಸ್ತಕ ಹೊರಬಂದ ದಿನದಿಂದಲೂ ಇದೆ. ಅದಕ್ಕೆ ಉತ್ತರ ಹುಡುಕಬೇಕಾದರೆ ಮೊದಲು ಆ ಮನೆಯೊಳಗೆ ಹೋಗಬೇಕು.

ತಾಯಿಯಿಂದಲೇ ಆರಂಭಿಸುವುದು ಸರಿ. ಲೇಡಿ ಸಾರಾ ಲೆನಾಕ್ಸ್ ರಿಚ್ಮಂಡಿನ ಎರಡನೆಯ ಡ್ಯೂಕ್‌ನ ಮಗಳು. ದೊರೆ ಎರಡನೆಯ ಚಾರ್ಲ್ಸ್‌ನ ಮರಿಮಗಳು. 1760ರಲ್ಲಿ ಪಟ್ಟಕ್ಕೆ ಬಂದ ತರುಣ ದೊರೆ ಮೂರನೆಯ ಜಾರ್ಜ್ ಇವಳಿಗೆ ಮನಸೋತಿದ್ದ. ಆಸ್ಥಾನದ ಹಿರಿಯರು ಒಪ್ಪಲಿಲ್ಲ. ಜರ್ಮನಿಯಿಂದ ಷಾರ್ಲಟ್ ಎಂಬ ರಾಜಕುಮಾರಿಯನ್ನು ತಂದು ಮದುವೆ ಮಾಡಿದರು. 1761ರ ಆ ಮದುವೆಯಲ್ಲಿ ವಧುವಿನ ಸಖಿಯರ ಸಾಲಿನಲ್ಲಿ ನಿಂತವಳು ಇದೇ ಸಾರಾ! ಮುಂದಿನ ವರ್ಷ ಚಾರ್ಲ್ಸ್ ಬನ್ಬರಿ ಎಂಬ ಶ್ರೀಮಂತನೊಡನೆ ಆಕೆಯ ಮದುವೆಯಾಯಿತು. ಕುದುರೆ ಪಂದ್ಯದ ಮೇಲಿದ್ದ ಆಸಕ್ತಿ ಅವನಿಗೆ ಹೆಂಡತಿಯ ಮೇಲೆ ಇರಲಿಲ್ಲ. 1769ರಲ್ಲಿ ಸಾರಾ ಲಾರ್ಡ್ ವಿಲಿಯಂ ಗಾರ್ಡನ್ ಎಂಬಾತನೊಡನೆ ಮನೆ ಬಿಟ್ಟು ಹೋದಳು. ಆ ಸಂಬಂಧ ಹೆಚ್ಚು ದಿನ ಉಳಿಯಲಿಲ್ಲ. ಕೈಯಲ್ಲೊಂದು ಹೆಣ್ಣು ಮಗು, ಊರ ತುಂಬ ಅಪವಾದ. ಅಣ್ಣನ ಎಸ್ಟೇಟಿನಲ್ಲಿ ಹನ್ನೆರಡು ವರ್ಷ ತಲೆಮರೆಸಿಕೊಂಡಂತೆ ಬದುಕಿದಳು.

ಹಾಗೆ ಬದುಕುತ್ತಿದ್ದ ಸಾರಾಳನ್ನು 1781ರಲ್ಲಿ ಕೈಹಿಡಿದವನು ಜಾರ್ಜ್ ನೇಪಿಯರ್. ಲಾರ್ಡ್ ನೇಪಿಯರ್‌ನ ಕಿರಿಯ ಮಗ. ಆಜಾನುಬಾಹು, ಕೈಯಲ್ಲಿ ಕಾಸಿಲ್ಲದ ಸೈನ್ಯಾಧಿಕಾರಿ. ಮೊದಲ ಹೆಂಡತಿಯನ್ನು ಅಮೆರಿಕದ ಯುದ್ಧಕಾಲದಲ್ಲಿ ಕಳೆದುಕೊಂಡಿದ್ದ. ಲೋಕ ಏನೆಂದೀತು ಎಂದು ಅವನು ಲೆಕ್ಕ ಹಾಕಲಿಲ್ಲ. ದಂಪತಿ ಐರ್ಲೆಂಡಿಗೆ ಹೋಗಿ ಡಬ್ಲಿನ್ ಹತ್ತಿರದ ಸೆಲ್‌ಬ್ರಿಜ್ ಎಂಬ ಊರಿನಲ್ಲಿ ನೆಲೆಸಿದರು. ಪಕ್ಕದ ಕ್ಯಾಸಲ್‌ಟೌನ್ ಅರಮನೆಯಲ್ಲಿ ಸಾರಾಳ ಅಕ್ಕ ಲೂಯಿಸಾ ಇದ್ದಳು. ದಂಪತಿಗೆ ಐದು ಗಂಡು, ಮೂರು ಹೆಣ್ಣು ಮಕ್ಕಳಾದವು. ಮೂರನೆಯ ಗಂಡುಮಗ ವಿಲಿಯಂ ಹುಟ್ಟಿದ್ದು 1785ರ ಡಿಸೆಂಬರಿನಲ್ಲಿ.

ಮನೆತನ ದೊಡ್ಡದು, ಕೈ ಬರಿದು. ಡ್ಯೂಕ್‌ನ ಮೊಮ್ಮಕ್ಕಳು ಊರ ಶಾಲೆಯಲ್ಲಿ ವ್ಯಾಪಾರಿಗಳ, ರೈತರ ಮಕ್ಕಳ ಜೊತೆ ಕೂತು ಓದಿದರು. ಆ ಹುಡುಗರಲ್ಲಿ ಬಹುಮಂದಿ ಐರಿಷ್ ಕ್ಯಾಥೊಲಿಕರು, ಆ ಕಾಲದ ಕಾನೂನಿನ ದೃಷ್ಟಿಯಲ್ಲಿ ಎರಡನೆಯ ದರ್ಜೆಯ ಪ್ರಜೆಗಳು. ಮುಂದೆ ನೇಪಿಯರ್ ಸೋದರರು ಅಧಿಕಾರಸ್ಥರ ಎದುರು ಬಡವರ ಪರ ನಿಂತು ಜಗಳವಾಡುವ ಚಾಳಿ ಬೆಳೆಸಿಕೊಂಡದ್ದರ ಮೂಲ ಇಲ್ಲಿದೆ ಎಂದರೆ ತಪ್ಪಾಗಲಾರದು. 1798ರಲ್ಲಿ ಐರ್ಲೆಂಡಿನಲ್ಲಿ ದಂಗೆಯೆದ್ದಾಗ ಸಂಕಟ ಮನೆಯೊಳಕ್ಕೇ ಬಂತು. ತಂದೆ ದೊರೆಯ ಸೈನ್ಯಾಧಿಕಾರಿ; ಮನೆಯನ್ನು ಕೋಟೆಯಂತೆ ಭದ್ರಪಡಿಸಿ ಮಕ್ಕಳ ಕೈಗೆ ಬಂದೂಕು ಕೊಟ್ಟ. ಆದರೆ ದಂಗೆಯ ನಾಯಕರಲ್ಲಿ ಪ್ರಮುಖನಾದ ಲಾರ್ಡ್ ಎಡ್ವರ್ಡ್ ಫಿಟ್ಜ್‌ಜೆರಾಲ್ಡ್ ತಾಯಿಯ ಅಕ್ಕನ ಮಗ. ಬಂಧನದ ವೇಳೆ ಗಾಯಗೊಂಡ ಎಡ್ವರ್ಡ್ ಅದೇ ವರ್ಷ ಜೂನಿನಲ್ಲಿ ಸೆರೆಮನೆಯಲ್ಲಿ ಸತ್ತ. ಆಗ ವಿಲಿಯಂಗೆ ಹನ್ನೆರಡು ವರ್ಷ. ಶತ್ರು ಎಂಬವನು ತನ್ನ ಅಣ್ಣನಂಥವನೂ ಆಗಿರಬಹುದು ಎಂಬ ಪಾಠವನ್ನು ಪುಸ್ತಕದಿಂದ ಕಲಿಯುವ ಅಗತ್ಯ ಈ ಹುಡುಗನಿಗೆ ಬೀಳಲಿಲ್ಲ.

ದಂಗೆಯ ನಂತರ ತಂದೆಗೆ ಐರ್ಲೆಂಡಿನ ಸೇನಾ ಲೆಕ್ಕಪತ್ರಗಳ ಮೇಲ್ವಿಚಾರಣೆಯ ಹುದ್ದೆ ಸಿಕ್ಕಿತು. ಲಂಚವೇ ರೂಢಿಯಾಗಿದ್ದ ಕಚೇರಿ ಅದು. ಅವನು ಮುಟ್ಟಲಿಲ್ಲ, ಮುಟ್ಟುವವರನ್ನೂ ಬಿಡಲಿಲ್ಲ. ಹೀಗಾಗಿ 1804ರಲ್ಲಿ ತೀರಿಕೊಂಡಾಗ ಕುಟುಂಬಕ್ಕೆ ಒಳ್ಳೆಯ ಹೆಸರಿನ ಹೊರತು ಹೆಚ್ಚೇನೂ ಉಳಿದಿರಲಿಲ್ಲ. ವಿಧವೆಗೆ ಪೆನ್ಷನ್ ಮಂಜೂರು ಮಾಡಿದವನು, ನಲವತ್ತು ವರ್ಷಗಳ ಹಿಂದೆ ಅವಳನ್ನು ಮದುವೆಯಾಗಲು ಬಯಸಿದ್ದ ದೊರೆ ಜಾರ್ಜ್. ವಿಧಿಯ ವಿಚಿತ್ರವೆಂದರೆ ಕೊನೆಗಾಲದಲ್ಲಿ ಇಬ್ಬರೂ ದೃಷ್ಟಿ ಕಳೆದುಕೊಂಡರು.

ವಿಲಿಯಂ ಹದಿನಾಲ್ಕನೆಯ ವಯಸ್ಸಿಗೇ ಸೈನ್ಯ ಸೇರಿದ್ದ. ಅವನಿಗೆ ನಿಜವಾದ ಶಾಲೆಯಾದದ್ದು ಕೆಂಟ್ ಪ್ರಾಂತದ ಶಾರ್ನ್‌ಕ್ಲಿಫ್ ಶಿಬಿರ. ಅಲ್ಲಿ ಜನರಲ್ ಸರ್ ಜಾನ್ ಮೂರ್ ಹೊಸ ಬಗೆಯ ಕಾಲಾಳುಗಳನ್ನು ತರಬೇತುಗೊಳಿಸುತ್ತಿದ್ದ. ಚಾಟಿಯ ಭಯದಿಂದ ನಡೆಯುವ ಸೈನಿಕನಿಗಿಂತ ತಲೆ ಉಪಯೋಗಿಸಿ ನಡೆಯುವ ಸೈನಿಕ ಮೇಲು ಎಂಬುದು ಮೂರ್‌ನ ನಂಬಿಕೆ. ವಿಲಿಯಂ 43ನೆಯ ರೆಜಿಮೆಂಟ್, ಜಾರ್ಜ್ 52ನೆಯದು, ಚಾರ್ಲ್ಸ್ 50ನೆಯದು. ಮೂವರಿಗೂ ಮೂರ್ ದೇವರ ಸಮಾನ.

ಆ ದೇವರನ್ನು ಅವರು 1809ರ ಜನವರಿ 16ರಂದು ಸ್ಪೇನಿನ ಕೊರುನ್ನಾದಲ್ಲಿ ಕಳೆದುಕೊಂಡರು. ಹಿಮದಲ್ಲಿ ನೂರಾರು ಮೈಲಿ ಹಿಮ್ಮೆಟ್ಟಿ, ಕಡಲ ದಂಡೆ ತಲುಪಿ, ಅಲ್ಲಿ ಫ್ರೆಂಚರನ್ನು ತಡೆದು ನಿಲ್ಲಿಸಿ, ಸೈನ್ಯ ಹಡಗು ಹತ್ತುವಂತೆ ಮಾಡಿ ಮೂರ್ ಸತ್ತ. ಅದೇ ದಿನ ಚಾರ್ಲ್ಸ್ ಐದು ಗಾಯಗಳಾಗಿ ಬಿದ್ದ. ಸತ್ತವರ ಪಟ್ಟಿಯಲ್ಲಿ ಅವನ ಹೆಸರೂ ಸೇರಿತು. ವಾಸ್ತವದಲ್ಲಿ ಫ್ರೆಂಚರು ಅವನನ್ನು ಸೆರೆಹಿಡಿದು ಶುಶ್ರೂಷೆ ಮಾಡುತ್ತಿದ್ದರು. ಮನೆಯಲ್ಲಿ ಕಣ್ಣು ಕಾಣದ ಮುದಿ ತಾಯಿ ಇದ್ದಾಳೆ ಎಂದು ತಿಳಿದ ಮಾರ್ಷಲ್ ನೇ, ಹಾಗಾದರೆ ಹೋಗಿ ತಾನು ಬದುಕಿದ್ದೇನೆಂದು ತಾಯಿಗೆ ಇವನೇ ಹೇಳಲಿ ಎಂದು ಬಿಡುಗಡೆ ಮಾಡಿ ಕಳುಹಿಸಿದ. ನೇಪಿಯರ್ ಮನೆಯಲ್ಲಿ ಈ ಋಣವನ್ನು ಯಾರೂ ಮರೆಯಲಿಲ್ಲ. ವಿಲಿಯಂನ ಇತಿಹಾಸದಲ್ಲಿ ಫ್ರೆಂಚ್ ಸೇನಾನಿಗಳ ಬಗ್ಗೆ ಕಾಣುವ ಗೌರವಕ್ಕೆ ರಾಜಕೀಯ ಕಾರಣಗಳ ಜೊತೆ ಈ ಮನೆಯ ಕಾರಣವೂ ಇದ್ದೀತು.

ಮುಂದಿನ ಮೂರು ವರ್ಷ ಈ ಕುಟುಂಬದ ಗಾಯಗಳ ಲೆಕ್ಕ ಇಡುವುದೇ ಕಷ್ಟ. 1810ರ ಜುಲೈನಲ್ಲಿ ಕೋವಾ ನದಿಯ ಕಾಳಗದಲ್ಲಿ ವಿಲಿಯಂಗೆ ಏಟು. ಸೆಪ್ಟೆಂಬರಿನಲ್ಲಿ ಬುಸಾಕೊ ಬೆಟ್ಟದ ಮೇಲೆ ಚಾರ್ಲ್ಸ್‌ನ ದವಡೆ ಮುರಿಯಿತು. 1811ರ ಮಾರ್ಚ್ 14ರಂದು, ಮುಖದ ಗಾಯ ಇನ್ನೂ ಮಾಯದಿರುವಾಗಲೇ, ಚಾರ್ಲ್ಸ್ ಕುದುರೆಯೇರಿ ಮುಂಚೂಣಿಯತ್ತ ಧಾವಿಸುತ್ತಿದ್ದ. ಎದುರಿನಿಂದ ಗಾಯಾಳುವನ್ನು ಹೊತ್ತ ಡೋಲಿ ಬಂತು. ಯಾರು ಎಂದು ಕೇಳಿದ. 52ರ ಕ್ಯಾಪ್ಟನ್ ನೇಪಿಯರ್, ತೋಳು ಮುರಿದಿದೆ ಎಂಬ ಉತ್ತರ. ಹಿಂದೆಯೇ ಇನ್ನೊಂದು ಡೋಲಿ. 43ರ ಕ್ಯಾಪ್ಟನ್ ನೇಪಿಯರ್, ಉಳಿಯುವುದು ಅನುಮಾನ ಎಂದರು. ಚಾರ್ಲ್ಸ್ ತಮ್ಮಂದಿರನ್ನು ನೋಡಿ, ಮುಂದೆ ಯುದ್ಧಕ್ಕೆ ಹೋದ. ವಿಲಿಯಂ ಉಳಿದ. ಆದರೆ ಕಾಸಲ್ ನೋವೊ ಎಂಬ ಹಳ್ಳಿಯಲ್ಲಿ ಬೆನ್ನುಮೂಳೆಯ ಪಕ್ಕ ಹೊಕ್ಕ ಆ ಗುಂಡನ್ನು ವೈದ್ಯರು ಹೊರತೆಗೆಯಲಾಗಲಿಲ್ಲ. ಅದು ನಲವತ್ತೊಂಬತ್ತು ವರ್ಷ ಅವನ ಮೈಯೊಳಗೇ ಇತ್ತು. ಅವನ ಗ್ರಂಥದ ಒಂದೊಂದು ಪುಟವೂ ಆ ನೋವಿನ ನಡುವೆ ಬರೆದದ್ದು. 1812ರ ಜನವರಿಯಲ್ಲಿ ಸಿಯುಡಾಡ್ ರಾಡ್ರಿಗೊ ಕೋಟೆಗೆ ಲಗ್ಗೆ ಹಾಕಿದ ತುಕಡಿಯ ಮುಂದಿದ್ದ ಜಾರ್ಜ್ ಬಲಗೈ ಕಳೆದುಕೊಂಡ. ತಾಯಿಗೆ ಆ ಸುದ್ದಿ ತಿಳಿಸುವ ಕಾಗದ ಬರೆದವನು ದಂಡನಾಯಕ ವೆಲಿಂಗ್ಟನ್.

ಈ ವೆಲಿಂಗ್ಟನ್ ಕನ್ನಡಿಗರಿಗೆ ಹೊಸಬನಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದ ಉಸ್ತುವಾರಿ ವಹಿಸಿಕೊಂಡ, ಮರುವರ್ಷ ಧೋಂಡಿಯ ವಾಘನನ್ನು ಬೆನ್ನಟ್ಟಿ ಮುಗಿಸಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯೇ ಈತ. ದಂಡಿಗೆ ಅಕ್ಕಿ, ಎತ್ತು, ಗಾಡಿ ಹೊಂದಿಸುವ ವಿದ್ಯೆಯನ್ನು ಅವನು ಕಲಿತದ್ದು ನಮ್ಮ ನೆಲದಲ್ಲಿ. ಅದು ಉಪಯೋಗಕ್ಕೆ ಬಂದದ್ದು ಸ್ಪೇನಿನ ಒಣಬೆಟ್ಟಗಳಲ್ಲಿ.

1812ರ ಆರಂಭದಲ್ಲಿ ವಿಲಿಯಂ ಊರಿಗೆ ಬಂದು ಕ್ಯಾರೊಲಿನ್ ಅಮೇಲಿಯಾ ಫಾಕ್ಸ್ ಎಂಬಾಕೆಯನ್ನು ಮದುವೆಯಾದ. ಬಳಗದ ಹುಡುಗಿ, ಪ್ರಸಿದ್ಧ ರಾಜಕಾರಣಿ ಚಾರ್ಲ್ಸ್ ಜೇಮ್ಸ್ ಫಾಕ್ಸ್‌ನ ತಮ್ಮನ ಮಗಳು. ಕೆಲವೇ ವಾರಗಳಲ್ಲಿ ಬಾಡಾಹೋಸ್ ಕೋಟೆಯ ಮುತ್ತಿಗೆಯ ಸುದ್ದಿ ಕೇಳಿ ಹೆಂಡತಿಯನ್ನು ಬಿಟ್ಟು ಹಡಗು ಹತ್ತಿದ. ಅವನು ತಲುಪುವಷ್ಟರಲ್ಲಿ ಕೋಟೆ ಬಿದ್ದಿತ್ತು. ಪ್ರಾಣಸ್ನೇಹಿತ ಕರ್ನಲ್ ಮೆಕ್ಲೌಡ್ ಕೋಟೆಯ ಬಿರುಕಿನಲ್ಲಿ ಹತನಾಗಿದ್ದ. ಸಲಮಾಂಕಾ ಕದನದಲ್ಲಿ 43ನೆಯ ರೆಜಿಮೆಂಟನ್ನು ನಡೆಸಿದವನು ವಿಲಿಯಂ. ನೀವೆಲ್, ಓರ್ತೆಜ್ ಕಾಳಗಗಳಲ್ಲೂ ಇದ್ದ. ವಾಟರ್‌ಲೂ ಮಾತ್ರ ತಪ್ಪಿಹೋಯಿತು. 1819ರಲ್ಲಿ ಅರೆಸಂಬಳದ ಮೇಲೆ ನಿವೃತ್ತನಾಗಿ ಚಿತ್ರ ಬರೆಯುತ್ತ, ಶಿಲ್ಪ ಕೆತ್ತುತ್ತ ಕುಳಿತ.

ಅವನನ್ನು ಆ ಸಮಾಧಾನದಿಂದ ಎಬ್ಬಿಸಿದ್ದು ಸಿಟ್ಟು. ಆಸ್ಥಾನಕವಿ ರಾಬರ್ಟ್ ಸೌದಿ ಇದೇ ಯುದ್ಧದ ಇತಿಹಾಸ ಬರೆಯಲು ಹೊರಟು 1823ರಲ್ಲಿ ಮೊದಲ ಸಂಪುಟ ತಂದ. ಅದರಲ್ಲಿ ಜಾನ್ ಮೂರ್‌ಗೆ ನ್ಯಾಯ ಸಿಕ್ಕಿಲ್ಲ ಎಂದು ನೇಪಿಯರ್ ಭಾವಿಸಿದ. ಒಮ್ಮೆಯೂ ಗುಂಡಿನ ಸದ್ದು ಕೇಳದ ಕವಿ ತನ್ನ ಗುರುವಿನ ಮೇಲೆ ತೀರ್ಪು ಕೊಡುವುದೇ? ಗೆಳೆಯರು ನೀನೇ ಬರೆ ಎಂದರು. ಗ್ರಂಥದ ಹುಟ್ಟಿನಲ್ಲೇ ಗುರುಭಕ್ತಿ ಇತ್ತು ಎಂಬುದನ್ನು ಓದುಗರು ನೆನಪಿಡಬೇಕು.

ಆದರೆ ಭಕ್ತಿಯೊಂದರಿಂದ ಇತಿಹಾಸವಾಗುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ವೆಲಿಂಗ್ಟನ್‌ನ ಮನೆಯಲ್ಲಿ ತಂಗಿ ದಿನವೂ ಪ್ರಶ್ನೆ ಕೇಳಿದ. ಪ್ಯಾರಿಸ್ಸಿಗೆ ಹೋಗಿ, ತಾನು ಯಾರ ಮೇಲೆ ಗುಂಡು ಹಾರಿಸಿದ್ದನೋ ಆ ಮಾರ್ಷಲ್ ಸೂಲ್‌ನ ಕಾಗದಪತ್ರಗಳನ್ನು ಪಡೆದ. ಗೆದ್ದವರ ದಾಖಲೆಗಳ ಜೊತೆ ಸೋತವರ ದಾಖಲೆಗಳನ್ನೂ ಇಟ್ಟು ನೋಡುವ ಈ ಪದ್ಧತಿ ಇಂದು ಸಾಮಾನ್ಯವೆನಿಸಬಹುದು. ಯುದ್ಧ ಮುಗಿದು ಹತ್ತು ವರ್ಷಕ್ಕೆ, ಹಗೆ ಇನ್ನೂ ಆರದ ಕಾಲದಲ್ಲಿ ಒಬ್ಬ ಇಂಗ್ಲಿಷ್ ಅಧಿಕಾರಿ ಹಾಗೆ ಮಾಡಿದ್ದು ಸಣ್ಣ ಸಂಗತಿಯಲ್ಲ.

ವೆಲಿಂಗ್ಟನ್ ತನ್ನ ಸ್ವಂತ ಪತ್ರಗಳನ್ನು ಕೊಡಲಿಲ್ಲ. ಬದಲಿಗೆ ಬೇರೊಂದು ನಿಧಿ ಕೊಟ್ಟ. ನೆಪೋಲಿಯನ್ನನ ಅಣ್ಣ, ಸ್ಪೇನಿನ ಸಿಂಹಾಸನದ ಮೇಲೆ ಕೂತಿದ್ದ ಜೋಸೆಫ್, 1813ರ ಜೂನ್ 21ರಂದು ವಿಟೋರಿಯಾದಲ್ಲಿ ಸೋತು ಸಾಮಾನು ಬಿಟ್ಟು ಓಡಿದ್ದ. ಆ ಸಾಮಾನಿನಲ್ಲಿ ಸಿಕ್ಕ ವರ್ಣಚಿತ್ರಗಳು ಇಂದಿಗೂ ಲಂಡನ್ನಿನ ವೆಲಿಂಗ್ಟನ್ ಮನೆಯ ಗೋಡೆಗಳ ಮೇಲಿವೆ. ಚಿತ್ರಗಳ ಜೊತೆ ಸಿಕ್ಕ ಪತ್ರಗಳ ರಾಶಿ ನೇಪಿಯರ್ ಪಾಲಿಗೆ ಬಂತು. ಬಿಚ್ಚಿ ನೋಡಿದರೆ ಕ್ರಮವಿಲ್ಲ, ಅಕ್ಷರ ಓದಲಾಗದು, ಮುಖ್ಯ ಭಾಗಗಳೆಲ್ಲ ಅಂಕಿಗಳ ಗೂಢಲಿಪಿಯಲ್ಲಿ. ಅದನ್ನು ಬಿಡಿಸುವ ಕೀಲಿ ಜೊತೆಗಿರಲಿಲ್ಲ. ನೇಪಿಯರ್ ಕೈಚೆಲ್ಲಿದ.

ಕ್ಯಾರೊಲಿನ್ ಆ ರಾಶಿಯನ್ನು ತನ್ನ ಮೇಜಿಗೆ ಒಯ್ದಳು. ಮೊದಲು ತಾರೀಖು, ವಿಷಯ ನೋಡಿ ಜೋಡಿಸಿದಳು. ಒಂದೊಂದರ ಸಾರಾಂಶ ಬರೆದಳು. ಆಮೇಲೆ ಅಂಕಿಗಳ ಹಿಂದೆ ಬಿದ್ದಳು. ಯಾವ ತರಬೇತಿಯೂ ಇಲ್ಲದ, ಮನೆ ತುಂಬ ಮಕ್ಕಳಿದ್ದ ಆ ಗೃಹಿಣಿ ಕೊನೆಗೆ ಗೂಢಲಿಪಿಯ ಕೀಲಿಯನ್ನು ತಾನೇ ಕಂಡುಹಿಡಿದಳು. ಯುದ್ಧಕಾಲದಲ್ಲಿ ಈ ಕೆಲಸ ಮಾಡಿಕೊಡುವವರು ಸಿಕ್ಕಿದ್ದರೆ ಇಪ್ಪತ್ತು ಸಾವಿರ ಪೌಂಡ್ ಕೊಡುತ್ತಿದ್ದೆ ಎಂದು ವೆಲಿಂಗ್ಟನ್ ಉದ್ಗರಿಸಿದನೆಂದು ಪ್ರತೀತಿ. ಅವನ ದಂಡಿನಲ್ಲೇ ಇದ್ದ ಜಾರ್ಜ್ ಸ್ಕೋವೆಲ್ ಎಂಬ ಅಧಿಕಾರಿ ಯುದ್ಧಕಾಲದಲ್ಲಿಯೇ ಫ್ರೆಂಚರ ಗೂಢಲಿಪಿಯನ್ನು ಬಹುಮಟ್ಟಿಗೆ ಬಿಡಿಸಿದ್ದ; ಡ್ಯೂಕ್ ಅದನ್ನು ಮರೆತನೋ, ಕ್ಯಾರೊಲಿನ್‌ಳನ್ನು ಹೊಗಳುವ ಭರದಲ್ಲಿ ಹೇಳಿದನೋ! ಗಂಡನ ಕರಡುಗಳನ್ನು ಓದಬಲ್ಲವಳೂ ಬಹುಶಃ ಆಕೆಯೊಬ್ಬಳೇ. ಗೀಚಿ, ಹೊಡೆದುಹಾಕಿ, ಮತ್ತೆ ಬರೆದ ಆ ಹಾಳೆಗಳನ್ನೆಲ್ಲ ಮುದ್ರಣಕ್ಕಾಗಿ ನಕಲು ಮಾಡಿದವಳೂ ಆಕೆಯೇ. ದಂಪತಿಯ ಒಬ್ಬನೇ ಮಗನಿಗೆ ಜಾನ್ ಮೂರ್ ಎಂದೇ ಹೆಸರು. ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲ, ಮಾತು ಬರುತ್ತಿರಲಿಲ್ಲ. ಅವನ ಆರೈಕೆ, ಹೆಣ್ಣುಮಕ್ಕಳ ಪಾಠ, ಅರೆಸಂಬಳದ ಸಂಸಾರ, ಇವುಗಳ ನಡುವೆ ಈ ಕೆಲಸ.

ಮೊದಲ ಸಂಪುಟ 1828ರಲ್ಲಿ ಬಂತು. ಪ್ರಕಾಶಕ ಜಾನ್ ಮರ್ರಿಗೆ ನಷ್ಟವಾಗಿ ಕೈಬಿಟ್ಟ. ಉಳಿದ ಐದನ್ನು ನೇಪಿಯರ್ ಸ್ವಂತ ಹೊಣೆಯ ಮೇಲೆ ತಂದ. ಆರನೆಯದು ಹೊರಬಂದಾಗ 1840. ಅಷ್ಟರಲ್ಲಿ ಪುಸ್ತಕ ಫ್ರೆಂಚಿಗೂ ಹೋಗಿತ್ತು. 1811ರ ಅಲ್ಬುವೆರಾ ಕದನದಲ್ಲಿ ಕಾಲಾಳುಗಳು ಬೆಟ್ಟ ಹತ್ತುವ ಅವನ ವರ್ಣನೆ ಇಂಗ್ಲಿಷ್ ಗದ್ಯದ ಪ್ರಸಿದ್ಧ ಪುಟಗಳಲ್ಲಿ ಒಂದಾಯಿತು. ಬಿರುದು ಬಾವಲಿಗಳ ಆಸೆಯಿಲ್ಲದೆ, ಹೆಸರು ಉಳಿಯುವ ಭರವಸೆಯಿಲ್ಲದೆ ಸಾಯುವ ಸಾಮಾನ್ಯ ಸಿಪಾಯಿಯನ್ನು ಚರಿತ್ರೆಯ ಕಣ್ಣಿಗೆ ಬೀಳಿಸಿದ ಶ್ರೇಯಸ್ಸು ಅವನದು. ತಮಾಷೆಯೆಂದರೆ ಅಲ್ಬುವೆರಾದಲ್ಲಿ ಅವನು ಇರಲೇ ಇಲ್ಲ. ಅಲ್ಲಿನ ದಂಡನಾಯಕ ಬೆರೆಸ್‌ಫರ್ಡ್‌ನನ್ನು ಟೀಕಿಸಿದ್ದಕ್ಕಾಗಿ ವರ್ಷಗಟ್ಟಲೆ ಕರಪತ್ರಗಳ ಕಾಳಗ ನಡೆಯಿತು. ಮಂತ್ರಿಯಾಗಿದ್ದವರ ಮಕ್ಕಳು ಜಗಳಕ್ಕೆ ಬಂದರು. ನೇಪಿಯರ್ ಯಾರಿಗೂ ಬಗ್ಗಲಿಲ್ಲ. ಬಗ್ಗಬೇಕಾದಲ್ಲಿಯೂ ಬಗ್ಗಲಿಲ್ಲ ಎನ್ನುವುದು ಹೆಚ್ಚು ನ್ಯಾಯ.

ಏಕೆಂದರೆ ಅವನ ತಕ್ಕಡಿ ಸಮವಾಗಿರಲಿಲ್ಲ. ಫಾಕ್ಸ್ ಬಳಗದ ರಾಜಕೀಯ ರಕ್ತದಲ್ಲೇ ಇದ್ದವನಿಗೆ ಟೋರಿ ಮಂತ್ರಿಗಳು ಮಾಡಿದ್ದೆಲ್ಲ ತಪ್ಪಾಗಿ ಕಂಡಿತು. ನೆಪೋಲಿಯನ್ನನ ಮೇಲೆ ಮಿತಿಮೀರಿದ ಮೆಚ್ಚುಗೆ. ತಮ್ಮ ನೆಲದಲ್ಲಿ, ತಮ್ಮ ಮನೆಮಠ ಕಳೆದುಕೊಂಡು ಹೋರಾಡಿದ ಸ್ಪೇನಿನ ಜನರನ್ನು ಅವನು ಕಡೆಗಣಿಸಿದ. ಇದು ಆ ಗ್ರಂಥದ ಅತಿ ದೊಡ್ಡ ದೋಷ. ಮೂರ್‌ನ ಕಾಲದಿಂದ ಬ್ರಿಟಿಷ್ ಅಧಿಕಾರಿಗಳ ಭೋಜನಶಾಲೆಗಳಲ್ಲಿ ಬೆಳೆದುಬಂದ ತಾತ್ಸಾರವನ್ನು ಅವನು ಪರೀಕ್ಷಿಸದೆ ಪುಸ್ತಕಕ್ಕೆ ಇಳಿಸಿದ.

ಅಣ್ಣ ಚಾರ್ಲ್ಸ್‌ನ ವಿಷಯ ಬಂದಾಗಲಂತೂ ಇತಿಹಾಸಕಾರ ಪಕ್ಕಕ್ಕೆ ಸರಿದು ವಕೀಲ ನಿಲ್ಲುತ್ತಾನೆ. 1843ರಲ್ಲಿ ಮಿಯಾನಿ, ಹೈದರಾಬಾದ್ ಕದನಗಳಲ್ಲಿ ಸಿಂಧ್‌ನ ಅಮೀರರನ್ನು ಸೋಲಿಸಿದ ಚಾರ್ಲ್ಸ್‌ನ ಮೇಲೆ ಅನ್ಯಾಯದ ಆರೋಪಗಳು ಬಂದವು. ಲ್ಯಾಟಿನ್ನಿನಲ್ಲಿ ‘ಪಾಪ ಮಾಡಿದೆ’ ಎಂಬ ಅರ್ಥದ ‘ಪೆಕ್ಕಾವಿ’ ಎಂಬ ಒಂದೇ ಪದವನ್ನು ಅವನು ತಂತಿ ಕಳುಹಿಸಿದನೆಂಬ ಕಥೆ ಇಂದಿಗೂ ಓಡಾಡುತ್ತದೆ. ಅದು 1844ರಲ್ಲಿ ಕ್ಯಾಥರಿನ್ ವಿಂಕ್‌ವರ್ತ್ ಎಂಬ ಹುಡುಗಿ ಹೊಸೆದು ‘ಪಂಚ್’ ಪತ್ರಿಕೆಯಲ್ಲಿ ಅಚ್ಚಾದ ಹಾಸ್ಯ. ವಿಲಿಯಂ ಮಾತ್ರ ಹಾಸ್ಯದ ಸ್ಥಿತಿಯಲ್ಲಿರಲಿಲ್ಲ. 1844ರಿಂದ 46ರ ನಡುವೆ ಸಿಂಧ್ ವಿಜಯದ ಮೇಲೆ ಪುಸ್ತಕ ಬರೆದು, ಅಣ್ಣನನ್ನು ವಿರೋಧಿಸಿದ ಜೇಮ್ಸ್ ಔಟ್ರಮ್‌ನನ್ನು ಹಿಗ್ಗಾಮುಗ್ಗಾ ಜಾಡಿಸಿದ. ಔಟ್ರಮ್ ಇನ್ನೊಂದು ಪುಸ್ತಕದಿಂದಲೇ ಉತ್ತರ ಕೊಟ್ಟ. ಸಿಂಧ್‌ನ ಜನರ ಪಾಡೇನಾಯಿತು ಎಂಬುದು ಈ ಗದ್ದಲದಲ್ಲಿ ಹಿಂದೆ ಬಿತ್ತು.

ಚಾರ್ಲ್ಸ್ 1853ರಲ್ಲಿ ತೀರಿಕೊಂಡ. ಫ್ಲಾರೆನ್ಸ್ ನಗರದ ಇತಿಹಾಸ ಬರೆದಿದ್ದ ನೌಕಾಧಿಕಾರಿ ತಮ್ಮ ಹೆನ್ರಿಯೂ ಅದೇ ವರ್ಷ ಹೋದ. ಒಂದು ಕೈಯ ಜಾರ್ಜ್, 1855ರಲ್ಲಿ. ಉಳಿದ ವಿಲಿಯಂ ಅಣ್ಣನ ದಿನಚರಿ, ಪತ್ರಗಳನ್ನು ಕಲೆಹಾಕಿ 1857ರಲ್ಲಿ ನಾಲ್ಕು ಸಂಪುಟಗಳ ಜೀವನಚರಿತ್ರೆ ತಂದ. ಇಲ್ಲಿ ಒಂದು ವಿಶೇಷ ನಡೆಯಿತು. ಸಿಂಧ್ ವಶಪಡಿಸಿಕೊಳ್ಳಲು ನಮಗೆ ಯಾವ ಹಕ್ಕೂ ಇಲ್ಲ, ಆದರೂ ವಶಪಡಿಸಿಕೊಳ್ಳುತ್ತೇವೆ, ಅದೊಂದು ಲಾಭದಾಯಕ ಪುಂಡಾಟಿಕೆ ಎಂಬ ಅರ್ಥದ ಮಾತುಗಳು ಚಾರ್ಲ್ಸ್‌ನ ಕೈಬರಹದಲ್ಲಿದ್ದವು. ವೈರಿಗಳ ಕೈಗೆ ಸಿಕ್ಕರೆ ಅದಕ್ಕಿಂತ ಒಳ್ಳೆಯ ಅಸ್ತ್ರ ಬೇಡ. ಆ ಹಾಳೆಯನ್ನು ಬೆಂಕಿಗೆ ಹಾಕಬಹುದಿತ್ತು, ಕೇಳುವವರಿರಲಿಲ್ಲ. ವಿಲಿಯಂ ಅದನ್ನು ಹಾಗೆಯೇ ಅಚ್ಚು ಹಾಕಿಸಿದ. ಬ್ರಿಟಿಷರ ಸಿಂಧ್ ಆಕ್ರಮಣವನ್ನು ಖಂಡಿಸಿ ಬರೆಯುವವರೆಲ್ಲ ಇಂದಿಗೂ ಉದ್ಧರಿಸುವ ವಾಕ್ಯ ಅದೇ. ಅದನ್ನು ಅವರಿಗೆ ಒದಗಿಸಿದವನು ಅಣ್ಣನನ್ನು ಪೂಜಿಸಿದ ತಮ್ಮ.

ಪರ್ಯಾಯದ್ವೀಪ ಯುದ್ಧದ ಗ್ರಂಥವನ್ನು ಸಾಲುಸಾಲಾಗಿ ತಿದ್ದುವ ಕೆಲಸ ಸರ್ ಚಾರ್ಲ್ಸ್ ಓಮನ್‌ನ ಪಾಲಿಗೆ ಬಂತು. 1902ರಿಂದ 1930ರವರೆಗೆ ಏಳು ಸಂಪುಟ ಬರೆದ ಓಮನ್, ಸ್ಪೇನ್ ಮತ್ತು ಪೋರ್ಚುಗಲ್ಲಿನ ದಾಖಲೆಗಳನ್ನು ಹುಡುಕಿ ಅಲ್ಲಿನ ಜನರಿಗೆ ಸಲ್ಲಬೇಕಾದದ್ದನ್ನು ಬಹುಮಟ್ಟಿಗೆ ಸಲ್ಲಿಸಿದ. ಓಮನ್ ಹುಟ್ಟಿದ್ದು ಬಿಹಾರದ ಮುಜಫರಪುರ ಸೀಮೆಯಲ್ಲಿ, 1860ರ ಜನವರಿಯಲ್ಲಿ. ಮುಂದಿನ ತಿಂಗಳೇ ಲಂಡನ್ನಿನ ಕ್ಲ್ಯಾಪಮ್‌ನಲ್ಲಿ, ‘ಸಿಂಧ್ ಹೌಸ್’ ಎಂದು ಹೆಸರಿಟ್ಟ ಮನೆಯಲ್ಲಿ, ವಿಲಿಯಂ ನೇಪಿಯರ್ ಕೊನೆಯುಸಿರೆಳೆದ. ಕ್ಯಾರೊಲಿನ್ ಆಮೇಲೆ ಬದುಕಿದ್ದು ಆರೇ ವಾರ.

ಲಂಡನ್ನಿನ ಸೇಂಟ್ ಪಾಲ್ ಪ್ರಾರ್ಥನಾಮಂದಿರದಲ್ಲಿ ಚಾರ್ಲ್ಸ್ ಮತ್ತು ವಿಲಿಯಂ ಇಬ್ಬರ ಪ್ರತಿಮೆಗಳೂ ಇವೆ. ಕ್ಯಾರೊಲಿನ್‌ಳ ಕೆಲಸದ ವಿವರ ಬೇಕಾದವರು ಗ್ರಂಥದ ಮುಂದಿನ ಆವೃತ್ತಿಯ ಮುನ್ನುಡಿಯನ್ನು ನೋಡಬೇಕು. ಪತ್ರಗಳನ್ನು ಜೋಡಿಸಿದ್ದು, ಗೂಢಲಿಪಿ ಬಿಡಿಸಿದ್ದು, ಹಸ್ತಪ್ರತಿ ನಕಲು ಮಾಡಿದ್ದು, ಎಲ್ಲವನ್ನೂ ಗಂಡ ಅಲ್ಲಿ ಬರೆದಿಟ್ಟಿದ್ದಾನೆ.